ಚರ್ಚಿನ ಆಟೊಮ್ಯಾಟಿಕ್ ಗಂಟೆಗೆ ನಮ್ಮದೇ ಸಂಗೀತ: ಫೈಲ್ ತಯಾರಿಯಿಂದ ಗೋಪುರದ ಹಾರ್ನ್‌ವರೆಗೆ

ಗಂಟೆ ಕಂಟ್ರೋಲರ್‌ಗೆ, ಅಂದರೆ ಹೊತ್ತಿಗೆ ಸರಿಯಾಗಿ ಗಂಟೆ ನುಡಿಸುವ ಯಂತ್ರಕ್ಕೆ, ಹೊಸ ಹಾಡು ತುಂಬುವುದು ಹತ್ತು ನಿಮಿಷದ ಕೆಲಸ. ಆ ಹಾಡು ಗೋಪುರದ ಹಾರ್ನ್‌ನಲ್ಲಿ ಕೇಳುವ ಹಾಗೆ ಇರಬೇಕೆಂದರೆ ಒಂದೆರಡು ದಿನದ ತಯಾರಿ ಬೇಕು. ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಹಬ್ಬ ಹತ್ತಿರ ಬಂದಾಗ ಮೊಬೈಲ್‌ನಲ್ಲಿ ಚೆನ್ನಾಗಿ ಕೇಳಿದ ಹಾಡನ್ನೇ ಪೆನ್‌ಡ್ರೈವ್‌ಗೆ ಹಾಕಿ ಹಚ್ಚುವುದು ರೂಢಿ. ಆಗ ತಬಲ ಗೊರಗೊರ ಅನ್ನುತ್ತದೆ, ಸಾಹಿತ್ಯ ತಿಳಿಯುವುದಿಲ್ಲ, ಮಧ್ಯಾಹ್ನದ ಗಂಟೆ ಮುಗಿಯುವ ಮೊದಲೇ ಹಾಡು ಶುರುವಾಗುತ್ತದೆ. ಆಂಪ್ಲಿಫೈಯರ್ ಕೆಟ್ಟಿದೆ ಎಂದು ಹೊಸದನ್ನು ತರಿಸುವುದೂ ಉಂಟು. ಹೆಚ್ಚಿನ ಸಲ ತಪ್ಪು ಇರುವುದು ಯಂತ್ರದಲ್ಲಲ್ಲ, ಫೈಲಿನಲ್ಲಿ. ಆದ್ದರಿಂದ ಇಲ್ಲಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ನಿಮ್ಮಲ್ಲಿರುವುದು ಯಾವ ಬಗೆ?

ಗೋಪುರ ಹತ್ತಿ ನೋಡಿ. ಲೋಹದ ಗಂಟೆಯೇ ಇದ್ದು ಅದನ್ನು ಮೋಟಾರ್ ತೂಗುತ್ತಿದ್ದರೆ ಅಥವಾ ಸುತ್ತಿಗೆ ಹೊಡೆಯುತ್ತಿದ್ದರೆ, ಆ ಗಂಟೆಯಿಂದ ರಾಗ ಬರುವುದಿಲ್ಲ. ಒಂದು ಗಂಟೆಗೆ ಒಂದೇ ಸ್ವರ. ಸಂಗೀತ ಬೇಕಿದ್ದರೆ ಪಕ್ಕದಲ್ಲಿ ಪ್ಲೇಯರ್, ಆಂಪ್ಲಿಫೈಯರ್, ಹಾರ್ನ್ ಬೇರೆಯೇ ಕೂರಿಸಬೇಕು. ಗಂಟೆ ಇಲ್ಲದೆ ಹಾರ್ನ್ ಮಾತ್ರ ಇದ್ದರೆ ನಿಮ್ಮದು ಡಿಜಿಟಲ್ ವ್ಯವಸ್ಥೆ. ರೆಕಾರ್ಡ್ ಮಾಡಿದ ಗಂಟೆ ಸದ್ದನ್ನೇ ಅದು ನುಡಿಸುತ್ತಿದೆ. ಇದರಲ್ಲೂ ಎರಡು ತರಹ. ಕೆಲವು ಎಂಪಿ3 ಅಥವಾ ವೇವ್ ಫೈಲ್ ಓದುತ್ತವೆ. ಕೆಲವು ಮಿಡಿ ಫೈಲ್ ಓದುತ್ತವೆ. ಮಿಡಿಯಲ್ಲಿ ಸದ್ದೇ ಇರುವುದಿಲ್ಲ, ಯಾವ ಸ್ವರ ಯಾವಾಗ ಎಷ್ಟು ಜೋರಾಗಿ ಎಂಬ ಸೂಚನೆ ಮಾತ್ರ. ಕೇಳಿಸುವುದು ಯಂತ್ರದೊಳಗೆ ತುಂಬಿಟ್ಟ ಗಂಟೆಯ ಸದ್ದು. ಮಿಡಿ ಯಂತ್ರಕ್ಕೆ ಎಂಪಿ3 ಹಾಕಿದರೆ ಅದು ಸುಮ್ಮನೆ ಕೂರುತ್ತದೆ, ಯಾವ ತಪ್ಪನ್ನೂ ತೋರಿಸದೆಯೂ ಇರಬಹುದು. ಕಂಟ್ರೋಲರ್ ಜೊತೆ ಬಂದ ಪುಸ್ತಕದಲ್ಲಿ ಫೈಲ್ ಬಗೆ, ಕಾರ್ಡಿನ ಗರಿಷ್ಠ ಗಾತ್ರ, ಹೆಸರಿಡುವ ಕ್ರಮ ಈ ಮೂರನ್ನೂ ಹುಡುಕಿ ಬರೆದಿಟ್ಟುಕೊಳ್ಳಿ.

ಏನನ್ನೂ ಮುಟ್ಟುವ ಮುಂಚೆ ಈಗಿರುವ ಕಾರ್ಡ್ ಅಥವಾ ಪೆನ್‌ಡ್ರೈವ್ ತೆಗೆದು ಪೂರ್ತಿ ಕಂಪ್ಯೂಟರ್‌ಗೆ ಕಾಪಿ ಮಾಡಿ. ಮೂಲ ಕಾರ್ಡನ್ನು ಕವರಿನಲ್ಲಿ ಹಾಕಿ ಸಕ್ರಿಸ್ತಿಯ (ಪೂಜಾ ಸಾಮಗ್ರಿ ಇಡುವ ಕೋಣೆಯ) ಬೀರುವಿನಲ್ಲಿಡಿ. ಪ್ರಯೋಗವೆಲ್ಲ ಹೊಸ ಕಾರ್ಡಿನಲ್ಲಿ ನಡೆಯಲಿ. ಸ್ಕ್ರೀನಿನಲ್ಲಿರುವ ವೇಳಾಪಟ್ಟಿಯ ಪ್ರತಿ ಪುಟದ ಫೋಟೊ ಕೂಡ ತೆಗೆಯಿರಿ. ರೀಸೆಟ್ ಆದರೆ ಅದೊಂದೇ ಆಧಾರ.

ಯಾವ ರಾಗ ಗಂಟೆಗೆ ಒಗ್ಗುತ್ತದೆ

ಇಡೀ ಕೆಲಸದ ತಿರುಳು ಇದು. ಗಂಟೆಯ ಸದ್ದು ಪಿಟೀಲು, ಹಾರ್ಮೋನಿಯಂ ಸದ್ದಿನಂತೆ ಅಲ್ಲ. ಶ್ರುತಿ ಮಾಡಿದ ಚರ್ಚ್ ಗಂಟೆಗೆ ಒಂದು ಪೆಟ್ಟು ಬಿದ್ದರೆ ಹಲವು ಸ್ವರಗಳು ಒಟ್ಟಿಗೆ ಏಳುತ್ತವೆ: ಕೇಳುವ ಸ್ವರ, ಅದರ ಕೆಳಗಿನ ಷಡ್ಜ, ಮೇಲಿನ ಷಡ್ಜ, ಪಂಚಮ, ಜೊತೆಗೆ ಸಾಧಾರಣ ಗಾಂಧಾರ (ಷಡ್ಜದಿಂದ ಮೂರು ಅರ್ಧಸ್ವರ ಮೇಲಿನದು). ಈ ಗಾಂಧಾರ ಗಂಟೆಯ ಆಕಾರದಿಂದಲೇ ಬರುವಂಥದ್ದು, ಅಳಿಸಲು ಆಗುವುದಿಲ್ಲ. ಕೀಬೋರ್ಡಿನವರು ಅಭ್ಯಾಸಬಲದಿಂದ ಮೇಜರ್ ಕಾರ್ಡ್ (ಒಟ್ಟಿಗೆ ಒತ್ತುವ ಮೂರು ಸ್ವರ) ಹಿಡಿದರೆ ಅದರಲ್ಲಿರುವ ಅಂತರ ಗಾಂಧಾರಕ್ಕೂ (ನಾಲ್ಕು ಅರ್ಧಸ್ವರ ಮೇಲಿನದು) ಗಂಟೆಯೊಳಗಿನ ಸಾಧಾರಣ ಗಾಂಧಾರಕ್ಕೂ ಜಗಳ ಹತ್ತಿ ಸದ್ದು ಹುಳಿಯಾಗುತ್ತದೆ. ಹಾಗಾಗಿ ಗಂಟೆಯ ಸದ್ದಿನಲ್ಲಿ ಒಂಟಿ ಎಳೆಯ ರಾಗ ಮಾತ್ರ. ಸಾಲಿನ ಕೊನೆಯಲ್ಲಿ ಬೇಕಿದ್ದರೆ ಒಂದು ಷಡ್ಜ–ಪಂಚಮ ಜೋಡಿ, ಅಷ್ಟೇ.

ಎರಡನೆಯದು, ಗಂಟೆಯ ಸದ್ದು ನಿಲ್ಲುವುದಿಲ್ಲ. ಹಿಂದಿನ ಸ್ವರ ಇನ್ನೂ ಮೊಳಗುತ್ತಿರುವಾಗಲೇ ಮುಂದಿನದು ಬರುತ್ತದೆ. ಪಕ್ಕಪಕ್ಕದ ಅರ್ಧಸ್ವರಗಳು ಹೀಗೆ ಒಂದರ ಮೇಲೊಂದು ಬಿದ್ದರೆ ಕಲಸುಮೇಲೋಗರವಾಗುತ್ತದೆ. ಮೋಹನ ರಾಗದ ಸ್ವರಗಳಲ್ಲಿ, ಅಂದರೆ ಸ ರಿ ಗ ಪ ದ, ಅರ್ಧಸ್ವರದ ಅಂತರವೇ ಇಲ್ಲ; ಆದ್ದರಿಂದ ಮೊದಲ ಪ್ರಯತ್ನಕ್ಕೆ ಮೋಹನದಲ್ಲಿರುವ ಕೀರ್ತನೆಯನ್ನೇ ಆರಿಸಿ. ಹಂಸಧ್ವನಿಯಲ್ಲಿ ನಿಷಾದ–ಷಡ್ಜದ ಕಡೆ ಮಾತ್ರ ಎಚ್ಚರ. ಶಂಕರಾಭರಣದಂಥ ನೇರ ಸ್ವರದ ಸ್ತುತಿಗೀತೆಗಳೂ ನಡೆಯುತ್ತವೆ, ವೇಗ ತಗ್ಗಿಸಬೇಕು. ಗಮಕ ತುಂಬಿದ ತೋಡಿ, ಭೈರವಿಯ ರಚನೆಗಳನ್ನು ಬಿಡಿ: ಗಂಟೆ ಸ್ವರವನ್ನು ಜಾರಿಸಲಾರದು, ಗಮಕ ತೆಗೆದರೆ ರಾಗವೇ ಉಳಿಯುವುದಿಲ್ಲ.

ವೇಗ ನಿಮಿಷಕ್ಕೆ 60ರಿಂದ 72 ಬಡಿತ. ಗಾಯನ ಮಂಡಳಿ ಹಾಡುವ ವೇಗಕ್ಕಿಂತ ಇದು ನಿಧಾನ, ಅನುಮಾನ ಬೇಡ. ಚಿತ್ರದುರ್ಗದಲ್ಲಿ ಇನ್ನೊಂದು ಲೆಕ್ಕ ಸೇರುತ್ತದೆ. ಹಾರ್ನ್ ಮುಖ ಬಂಡೆಬೆಟ್ಟದ ಕಡೆಗಿದ್ದು, ಬೆಟ್ಟ 170 ಮೀಟರ್ ದೂರವಿದ್ದರೆ ಮಾರ್ದನಿ ಸುಮಾರು ಒಂದು ಸೆಕೆಂಡಿಗೆ ಮರಳುತ್ತದೆ. 85 ಮೀಟರ್ ಇದ್ದರೆ ಅರ್ಧ ಸೆಕೆಂಡಿಗೆ. ನಿಮಿಷಕ್ಕೆ 100 ಬಡಿತದ ಹಾಡು ಅಲ್ಲಿ ತನ್ನ ಮಾರ್ದನಿಯ ಮೇಲೆ ತಾನೇ ಮುಗ್ಗರಿಸುತ್ತದೆ. ಹಾರ್ನನ್ನು ಬಂಡೆಯಿಂದ ತಿರುಗಿಸಿ ಊರಿನ ಕಡೆ ಮಾಡಿ, ರಾಗವನ್ನೂ ನಿಧಾನ ಮಾಡಿ.

ಉದ್ದ 45ರಿಂದ 75 ಸೆಕೆಂಡ್ ಸಾಕು. ಒಂದು ಪಲ್ಲವಿ, ಒಂದು ಚರಣ. ದಿನಕ್ಕೆ ಮೂರು ಸಲ ವರ್ಷಪೂರ್ತಿ ಕೇಳುವ ಅಕ್ಕಪಕ್ಕದ ಮನೆಯವರನ್ನು ನೆನೆದರೆ ನಾಲ್ಕು ನಿಮಿಷದ ಹಾಡು ಹಾಕಲು ಮನಸ್ಸಾಗುವುದಿಲ್ಲ.

ಫೈಲ್ ತಯಾರಿ

ಎರಡು ಉಚಿತ ತಂತ್ರಾಂಶ ಸಾಕು: ಸ್ವರಲಿಪಿಗೆ ಮ್ಯೂಸ್‌ಸ್ಕೋರ್, ಸದ್ದಿಗೆ ಅಡಾಸಿಟಿ.

1. ಮ್ಯೂಸ್‌ಸ್ಕೋರ್‌ನಲ್ಲಿ ರಾಗವನ್ನು ಒಂಟಿ ಸಾಲಾಗಿ ಬರೆದು ವಾದ್ಯಕ್ಕೆ ಟ್ಯೂಬುಲರ್ ಬೆಲ್ಸ್ ಆರಿಸಿ. ಜನರಲ್ ಮಿಡಿ ಪಟ್ಟಿಯಲ್ಲಿ ಅದರ ಸಂಖ್ಯೆ 15; ಕೆಲವು ಯಂತ್ರಗಳು ಸೊನ್ನೆಯಿಂದ ಎಣಿಸುವುದರಿಂದ ಅಲ್ಲಿ 14. ಗಂಟೆಗೆ ಬದಲು ಪಿಯಾನೊ ಅಥವಾ ಬೇರೆ ವಾದ್ಯ ಕೇಳಿಸಿದರೆ ಈ ಸಂಖ್ಯೆಯನ್ನು ಮೊದಲು ನೋಡಿ.

2. ಸ್ವರಗಳೆಲ್ಲ 440 ಹರ್ಟ್ಸ್‌ಗಿಂತ ಮೇಲಿರಲಿ. ಗೋಪುರದ ರಿಫ್ಲೆಕ್ಸ್ ಹಾರ್ನ್ ಸಾಮಾನ್ಯವಾಗಿ 300 ಹರ್ಟ್ಸ್‌ನ ಕೆಳಗೆ ಏನನ್ನೂ ಸರಿಯಾಗಿ ಕೊಡುವುದಿಲ್ಲ. ಮಿಡಿ ಯಂತ್ರದವರು ಮಿಡಿಯಾಗಿಯೇ ಉಳಿಸಿ ಮುಂದಿನ ಭಾಗಕ್ಕೆ ಹೋಗಬಹುದು. ಉಳಿದವರು ವೇವ್ ಆಗಿ ತೆಗೆಯಿರಿ: 44.1 ಕಿಲೋಹರ್ಟ್ಸ್, 16 ಬಿಟ್.

3. ಲೋಹದ ಗಂಟೆಯೂ ನಿಮ್ಮಲ್ಲಿದ್ದರೆ ಅದರ ಶ್ರುತಿಗೆ ರಾಗವನ್ನು ಹೊಂದಿಸಿ. ಫೋನಿನ ಸ್ಪೆಕ್ಟ್ರಮ್ ಆ್ಯಪ್ ತೆರೆದು ಗಂಟೆ ಬಡಿಸಿ, ಪೆಟ್ಟು ಬಿದ್ದ ಕ್ಷಣದಲ್ಲಿ ಎದ್ದು ಕಾಣುವ ಗೆರೆಗಳನ್ನು ಗುರುತು ಹಾಕಿಕೊಳ್ಳಿ. ಕಿವಿಗೆ ಬರುವ ಸ್ವರ ಮೇಲಿನ ಷಡ್ಜದ ಗೆರೆಯ ಅರ್ಧದಷ್ಟು: ಗೆರೆ 1000 ಹರ್ಟ್ಸ್‌ನಲ್ಲಿದ್ದರೆ ಗಂಟೆ ಕೇಳುವುದು 500ರಲ್ಲಿ. ಹಾರ್ಮೋನಿಯಂ ಹಿಡಿದು ತಾಳೆ ನೋಡಿ. ನಿಮ್ಮ ರಾಗದ ಷಡ್ಜ 523 ಹರ್ಟ್ಸ್‌ನಲ್ಲಿದ್ದರೆ ಅಡಾಸಿಟಿಯ ಚೇಂಜ್ ಪಿಚ್‌ನಲ್ಲಿ 0.79 ಸೆಮಿಟೋನ್ ಇಳಿಸಿದರೆ ಎರಡೂ ಕೂಡುತ್ತವೆ. ಇಷ್ಟು ಸಣ್ಣ ವ್ಯತ್ಯಾಸ ಯಾರಿಗೆ ಗೊತ್ತಾಗುತ್ತದೆ ಎನ್ನಬೇಡಿ. ಗಂಟೆಯ ಬೆನ್ನಿಗೇ ರಾಗ ಬಂದಾಗ ಸಂಗೀತ ಬಾರದವರಿಗೂ ಏನೋ ಸರಿಯಿಲ್ಲ ಅನ್ನಿಸುತ್ತದೆ.

4. ಮೊನೊ ಮಾಡಿ. ಸ್ಟೀರಿಯೊ ಫೈಲಿನ ಒಂದೇ ಚಾನೆಲ್ ಆಂಪ್ಲಿಫೈಯರ್‌ಗೆ ಹೋಗುವ ವೈರಿಂಗ್ ಸಾಮಾನ್ಯ. ಆಗ ಅರ್ಧ ಸಂಗೀತ ಮಾಯ.

5. ಹೈ-ಪಾಸ್ ಫಿಲ್ಟರ್ (ತಗ್ಗಿನ ಸದ್ದನ್ನು ಕತ್ತರಿಸುವಂಥದ್ದು) 300 ಹರ್ಟ್ಸ್, ರೋಲ್-ಆಫ್ 24 ಡೆಸಿಬೆಲ್. ಇದನ್ನು ಬಿಡಬೇಡಿ. ಹಾರ್ನಿನ ಮಿತಿಗಿಂತ ಕೆಳಗಿನ ಸದ್ದು ಹೊರಗೆ ಬರುವುದಿಲ್ಲ, ಆದರೆ ಒಳಗಿನ ಡಯಾಫ್ರಾಮನ್ನು ಮಾತ್ರ ಜೋರಾಗಿ ಕುಲುಕಿಸುತ್ತದೆ. ಲೈನ್ ಟ್ರಾನ್ಸ್‌ಫಾರ್ಮರ್ ಕೂಡ ಆ ಸದ್ದಿಗೆ ತುಂಬಿಹೋಗಿ ವಿಕಾರ ಧ್ವನಿ ಕೊಡುತ್ತದೆ. ತಬಲ, ಡ್ರಮ್, ಬೇಸ್ ಇರುವ ಹಾಡಿನಿಂದ ಡ್ರೈವರ್ ಯೂನಿಟ್ ಹೋಗುವುದು ಹೀಗೆ.

6. ಪೀಕ್ ಮೈನಸ್ 3 ಡೆಸಿಬೆಲ್‌ಗೆ ನಾರ್ಮಲೈಸ್ ಮಾಡಿ, ನಂತರ ಯಂತ್ರದಲ್ಲಿ ಈಗಾಗಲೇ ಇರುವ ಗಂಟೆ ಫೈಲಿನ ಜೊತೆ ಹೋಲಿಸಿ. ಸಂಗೀತ ಗಂಟೆಗಿಂತ 4ರಿಂದ 6 ಡೆಸಿಬೆಲ್ ಮೆತ್ತಗಿರಬೇಕು. ಜನ ಕೆಲಸ ಬಿಟ್ಟು ಕಿವಿಗೊಡುವುದು ಗಂಟೆಗೆ. ರಾಗ ಅದರ ಹಿಂದೆ ಬರುವಂಥದ್ದು.

7. ಮುಂದೆ 2 ಸೆಕೆಂಡ್ ಮೌನ ಸೇರಿಸಿ. ಆಂಪ್ಲಿಫೈಯರ್ ಎಚ್ಚರಗೊಳ್ಳುವಷ್ಟರಲ್ಲಿ ಮೊದಲ ಸ್ವರ ನುಂಗಿಹೋಗುವುದನ್ನು ಇದು ತಪ್ಪಿಸುತ್ತದೆ. ಕೊನೆಯ ಸ್ವರ ತಾನಾಗಿ ಇಳಿಯಲು 6ರಿಂದ 8 ಸೆಕೆಂಡ್ ಬಿಟ್ಟು, ಕಡೆಯ 3 ಸೆಕೆಂಡಿಗೆ ಮಾತ್ರ ಫೇಡ್ ಔಟ್.

8. ಎಂಪಿ3 ಬೇಕಿದ್ದರೆ 128 ಅಥವಾ 192 ಕಿಲೋಬಿಟ್, ಸ್ಥಿರ ದರ. ಬದಲಾಗುವ ದರದ ಫೈಲಿನ ಉದ್ದವನ್ನು ಕೆಲವು ಪ್ಲೇಯರ್‌ಗಳು ತಪ್ಪಾಗಿ ಎಣಿಸಿ ನಡುವೆಯೇ ಕತ್ತರಿಸುತ್ತವೆ. ಹಾಡಿನ ಮಾಹಿತಿ, ಮುಖಚಿತ್ರ ಎಲ್ಲ ಅಳಿಸಿ.

ಗಾಯನ ಮಂಡಳಿಯ ಧ್ವನಿಯನ್ನೇ ಹಾಕಬೇಕೆಂದಿದ್ದರೆ ಇದೇ ಹಂತಗಳು, ಜೊತೆಗೆ ಪಕ್ಕವಾದ್ಯ ತೀರ ಕಡಿಮೆ. ಹಾರ್ನ್‌ನಲ್ಲಿ ಎರಡೋ ಮೂರೋ ಕಂಠ ತಿಳಿಯಾಗಿ ಕೇಳುತ್ತವೆ, ಮೂವತ್ತು ಕಂಠ ಗದ್ದಲವಾಗುತ್ತವೆ.

ಕಾರ್ಡಿಗೆ ಹಾಕುವುದು

8 ಅಥವಾ 16 ಜಿಬಿ ಕಾರ್ಡ್, ಫ್ಯಾಟ್32 ಫಾರ್ಮ್ಯಾಟ್. 64 ಜಿಬಿ ಕಾರ್ಡುಗಳು ಎಕ್ಸ್‌ಫ್ಯಾಟ್‌ನಲ್ಲಿ ಬರುತ್ತವೆ, ಬಹಳಷ್ಟು ಕಂಟ್ರೋಲರ್‌ಗಳಿಗೆ ಅದು ಓದಲು ಬಾರದು. ಫೈಲಿನ ಹೆಸರು ಬರೀ ಅಂಕಿಯಲ್ಲಿರಲಿ: 001, 002, 003. ಕನ್ನಡ ಅಕ್ಷರ, ಖಾಲಿ ಜಾಗ, ಉದ್ದ ಹೆಸರು ಬೇಡ. ಫೈಲುಗಳನ್ನು ಒಟ್ಟಿಗೆ ಎಳೆದು ಬಿಡದೆ ಒಂದೊಂದಾಗಿ, ಸಂಖ್ಯೆಯ ಕ್ರಮದಲ್ಲೇ ಕಾಪಿ ಮಾಡಿ. ಅಗ್ಗದ ಪ್ಲೇಯರ್‌ಗಳು ಹೆಸರು ನೋಡುವುದಿಲ್ಲ, ಮೊದಲು ಬಂದದ್ದನ್ನು ಮೊದಲನೆಯದು ಎನ್ನುತ್ತವೆ. ಆರೋಗ್ಯ ಮಾತೆಯ ಹಾಡಿನ ಹೊತ್ತಿಗೆ ಕ್ರಿಸ್ಮಸ್ ಹಾಡು ಬಂತೆಂದರೆ ಕಾರಣ ಇದೇ. ಮ್ಯಾಕ್ ಕಂಪ್ಯೂಟರ್ ಬಳಸಿದ್ದರೆ ಅದು ತುರುಕುವ ಅಡಗಿದ ಫೈಲುಗಳನ್ನು ಅಳಿಸಿ, ಅವೂ ಎಣಿಕೆಗೆ ಸೇರಿಬಿಡುತ್ತವೆ. ಕಾರ್ಡನ್ನು ಇಜೆಕ್ಟ್ ಮಾಡಿಯೇ ಕೀಳಬೇಕು.

ಕಂಟ್ರೋಲರ್‌ನಲ್ಲಿ ಕಾರ್ಡಿಗೆ ಜಾಗವೇ ಇಲ್ಲದಿದ್ದರೆ

ಹಳೆಯ ಕಂಟ್ರೋಲರ್‌ಗಳಲ್ಲಿ ಬಳಸದ ರಿಲೇ (ಕರೆಂಟಿನಿಂದ ಓಡುವ ಸ್ವಿಚ್) ಒಂದಾದರೂ ಉಳಿದಿರಬಹುದು. ಅದರಿಂದ ಪುಟ್ಟ ಪ್ಲೇಯರ್ ಓಡಿಸಬಹುದು. ಬೇಕಾದ್ದು: ಡಿಎಫ್‌ಪ್ಲೇಯರ್ ಮಿನಿ ಮಾಡ್ಯೂಲ್ ಒಂದು, 8 ಜಿಬಿ ಮೈಕ್ರೊ ಕಾರ್ಡ್, 5 ವೋಲ್ಟ್ 2 ಆಂಪಿಯರ್ ಅಡಾಪ್ಟರ್, 10 ಮೈಕ್ರೊಫ್ಯಾರಡ್ ಕೆಪಾಸಿಟರ್ ಒಂದು, 600 ಓಮ್ 1:1 ಆಡಿಯೊ ಟ್ರಾನ್ಸ್‌ಫಾರ್ಮರ್ ಒಂದು, ಪ್ಲಾಸ್ಟಿಕ್ ಡಬ್ಬಿ. ರಿಲೇಯ ಒಣ ಕಾಂಟ್ಯಾಕ್ಟಿನ (ತನ್ನದೇ ವೋಲ್ಟೇಜ್ ಇಲ್ಲದ ಸ್ವಿಚ್ ತುದಿಗಳ) ಒಂದು ತುದಿ ಮಾಡ್ಯೂಲಿನ ಎಡಿಕೀ1ಗೆ, ಇನ್ನೊಂದು ಗ್ರೌಂಡ್‌ಗೆ. ಎರಡೂ ಕ್ಷಣಮಾತ್ರ ಕೂಡಿದರೆ ಮೊದಲ ಹಾಡು ನುಡಿಯುತ್ತದೆ. ಮಾಡ್ಯೂಲಿನ ಡಿಎಸಿ ಔಟ್‌ಪುಟ್ (ಸದ್ದು ಹೊರಬರುವ ಪಿನ್) ಕೆಪಾಸಿಟರ್ ಮೂಲಕ ಟ್ರಾನ್ಸ್‌ಫಾರ್ಮರ್‌ಗೆ, ಅಲ್ಲಿಂದ ಆಂಪ್ಲಿಫೈಯರ್‌ನ ಆಕ್ಸ್‌ಗೆ. ಮೈಕ್ ಇನ್‌ಪುಟ್‌ಗೆ ಕೊಟ್ಟರೆ ಸದ್ದು ಒಡೆಯುತ್ತದೆ. ರಿಲೇಯಲ್ಲಿ 230 ವೋಲ್ಟ್ ಬರುತ್ತಿಲ್ಲ ಎಂದು ಮೀಟರ್ ಹಿಡಿದು ಖಾತ್ರಿ ಮಾಡಿಕೊಂಡೇ ಜೋಡಿಸಿ. ಬಂದರೆ ಮಾಡ್ಯೂಲ್ ಒಂದೇ ಅಲ್ಲ, ಕೈಯೂ ಸುಡುತ್ತದೆ.

ಒಂದಕ್ಕಿಂತ ಹೆಚ್ಚು ಹಾಡು, ತಾರೀಖಿನ ಪ್ರಕಾರ ಬೇಕೆಂದರೆ ಆರ್ಡುಯಿನೊ ನ್ಯಾನೊ ಮತ್ತು ಡಿಎಸ್3231 ಗಡಿಯಾರ ಮಾಡ್ಯೂಲ್ ಸೇರಿಸಬೇಕು. ಆ ಗಡಿಯಾರ ವರ್ಷಕ್ಕೆ ಸುಮಾರು ಒಂದು ನಿಮಿಷಕ್ಕಿಂತ ಹೆಚ್ಚು ತಪ್ಪುವುದಿಲ್ಲ. ಆರ್ಡುಯಿನೊದಿಂದ ಪ್ಲೇಯರ್‌ನ ಆರ್‌ಎಕ್ಸ್‌ಗೆ ಹೋಗುವ ವೈರಿಗೆ 1 ಕಿಲೋಓಮ್ ರೆಸಿಸ್ಟರ್ ಹಾಕಿ, ಇಲ್ಲದಿದ್ದರೆ ಹಿನ್ನೆಲೆಯಲ್ಲಿ ಟಿಕ್ ಟಿಕ್ ಸದ್ದು ಬರುತ್ತದೆ.

ವೇಳಾಪಟ್ಟಿ

ತ್ರಿಕಾಲ ಪ್ರಾರ್ಥನೆಯ ಗಂಟೆ ಬೆಳಿಗ್ಗೆ 6, ಮಧ್ಯಾಹ್ನ 12, ಸಂಜೆ 6ಕ್ಕೆ: ಮೂರು, ಮೂರು, ಮೂರು, ಕೊನೆಗೆ ಒಂಬತ್ತು ಪೆಟ್ಟು. ಹಾಡಿನ ಸಮಯ ಇಡುವ ಮುಂಚೆ ಇದರ ಉದ್ದ ಲೆಕ್ಕ ಹಾಕಿ. ಪೆಟ್ಟಿನ ನಡುವೆ 3 ಸೆಕೆಂಡ್, ಮೂರು ಪೆಟ್ಟಿನ ಪ್ರತಿ ಗುಂಪಿನ ನಂತರ ಒಂದು ನಮೋ ಮರಿಯ ಪ್ರಾರ್ಥನೆ ಹೇಳಲು 20 ಸೆಕೆಂಡ್ ಬಿಟ್ಟರೆ ಒಟ್ಟು 102 ಸೆಕೆಂಡ್. ಅದರ ಮೊದಲು ಹನ್ನೆರಡರ ಎಣಿಕೆಯೂ ಇದ್ದರೆ 33 ಸೆಕೆಂಡ್, ಮೊಳಗು ಇಳಿಯಲು ಎರಡೂ ಕಡೆ ಎಂಟೆಂಟು. ಹತ್ತಿರ ಹತ್ತಿರ ಎರಡೂವರೆ ನಿಮಿಷ. ಹಾಗಾಗಿ ಸಂಗೀತ 12 ಗಂಟೆ 3 ನಿಮಿಷಕ್ಕೆ. 12ಕ್ಕೇ ಎಂದು ಇಟ್ಟರೆ ಕೆಲವು ಯಂತ್ರ ಎರಡನ್ನೂ ಒಟ್ಟಿಗೆ ನುಡಿಸುತ್ತವೆ, ಕೆಲವು ಗಂಟೆಯನ್ನೇ ನಡುವೆ ಕಡಿಯುತ್ತವೆ. ಆಂಪ್ಲಿಫೈಯರ್‌ಗೆ ಬೇರೆ ರಿಲೇ ಇದ್ದರೆ ಅದು 15 ಸೆಕೆಂಡ್ ಮೊದಲು ಆನ್ ಆಗಲಿ, 10 ಸೆಕೆಂಡ್ ತಡವಾಗಿ ಆಫ್ ಆಗಲಿ.

ಹಬ್ಬಗಳಲ್ಲಿ ಕ್ರಿಸ್ಮಸ್, ಸೆಪ್ಟೆಂಬರ್ 8ರ ಮಾತೆಯ ಹಬ್ಬದಂಥವು ಸ್ಥಿರ ತಾರೀಖು; ಒಮ್ಮೆ ಹಾಕಿದರೆ ಸಾಕು. ಹರಿಹರದ ಆರೋಗ್ಯ ಮಾತೆಯ ಬಸಿಲಿಕಾದ ಕಡೆ ನೊವೇನದ ಒಂಬತ್ತು ದಿನಕ್ಕೂ ಬೇರೆ ರಾಗ ಬೇಕಿದ್ದರೆ ಆಗಸ್ಟ್ 30ರಿಂದ ಸೆಪ್ಟೆಂಬರ್ 7 ಎಂದು ವ್ಯಾಪ್ತಿ ಕೊಡಿ. ಈಸ್ಟರ್ ಹಾಗಲ್ಲ. 2027ರಲ್ಲಿ ಅದು ಮಾರ್ಚ್ 28, 2028ರಲ್ಲಿ ಏಪ್ರಿಲ್ 16. ಕಥೋಲಿಕ ಪದ್ಧತಿಯಲ್ಲಿ ಪವಿತ್ರ ಗುರುವಾರದ ಪೂಜೆಯ ಮಹಿಮಾಗೀತೆ (ಗ್ಲೋರಿಯ) ಮುಗಿದ ಮೇಲೆ ಪಾಸ್ಖ ಜಾಗರಣೆಯ (ಈಸ್ಟರ್ ಹಿಂದಿನ ರಾತ್ರಿಯ ಪೂಜೆಯ) ಮಹಿಮಾಗೀತೆವರೆಗೆ ಗಂಟೆ ಮೌನ. ಯಂತ್ರಕ್ಕೆ ಇದು ತಿಳಿಯದು. ಶುಭ ಶುಕ್ರವಾರ ಮಧ್ಯಾಹ್ನ ಊರ ಮೇಲೆ ಹಬ್ಬದ ರಾಗ ತೇಲಿಬಂದರೆ ಭಕ್ತರ ಮನಸ್ಸಿಗೆ ಆಗುವ ನೋವು ಸಣ್ಣದಲ್ಲ. ಪ್ರತಿ ವರ್ಷ ಬೂದಿ ಬುಧವಾರದಂದೇ ಆ ಮೂರು ದಿನದ ಮೌನವನ್ನು ಕೈಯಾರೆ ನಮೂದಿಸಿ. ಬೂದಿ ಬುಧವಾರದಿಂದ ಶುರುವಾಗುವ ತಪಸ್ಸು ಕಾಲಕ್ಕೆ ಸಂಗೀತವನ್ನೇ ನಿಲ್ಲಿಸಿ ಬರೀ ಗಂಟೆ ಇಡುವುದು ನಮಗೆ ಸರಿ ಕಾಣುತ್ತದೆ. ತೀರ್ಮಾನ ಫಾದರ್ ಅವರದು.

ಮಟ್ಟ, ಅನುಮತಿ, ಹಕ್ಕು

ಹಾರ್ನಿನ ಚೀಟಿಯಲ್ಲಿ 1 ವ್ಯಾಟ್‌ಗೆ 1 ಮೀಟರ್‌ನಲ್ಲಿ 105 ಡೆಸಿಬೆಲ್ ಎಂದಿದ್ದರೆ ನೇರ ಎದುರಿಗೆ 32 ಮೀಟರ್ ದೂರದಲ್ಲಿ ಅದೇ 1 ವ್ಯಾಟ್‌ಗೆ 75 ಡೆಸಿಬೆಲ್ ಬರುತ್ತದೆ. ದೂರ ಇಮ್ಮಡಿಯಾದಂತೆ 6 ಇಳಿಯುತ್ತದೆ, ಅಷ್ಟೇ. 30 ವ್ಯಾಟ್ ಟ್ಯಾಪ್ (ಹಾರ್ನಿನ ಟ್ರಾನ್ಸ್‌ಫಾರ್ಮರ್‌ನಲ್ಲಿ ವ್ಯಾಟ್ ಆರಿಸುವ ತುದಿ) ಬೇಕಾಗುವುದು ಅಪರೂಪ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ಧ್ವನಿವರ್ಧಕ ಬಳಸುವ ಸಾರ್ವಜನಿಕ ಸ್ಥಳದ ಗಡಿಯಲ್ಲಿ ಸದ್ದು ಆ ಪ್ರದೇಶದ ಮಿತಿಗಿಂತ 10 ಡೆಸಿಬೆಲ್ ಹೆಚ್ಚು ಅಥವಾ 75, ಯಾವುದು ಕಡಿಮೆಯೋ ಅದನ್ನು ಮೀರಬಾರದು. ವಸತಿ ಪ್ರದೇಶದ ಹಗಲಿನ ಮಿತಿ 55, ಆದ್ದರಿಂದ ನಿಮ್ಮ ಗಡಿ 65. ಲಿಖಿತ ಅನುಮತಿ ಬೇಕೇ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗಿನ ಹಾರ್ನ್ ನಿಷಿದ್ಧ, ಹಾಗಾಗಿ ಕ್ರಿಸ್ಮಸ್ ನಡುರಾತ್ರಿಯ ಪೂಜೆಗೆ ಒಳಗಿನ ಸ್ಪೀಕರ್‌ಗೆ ಮಾತ್ರ ಹೋಗುವಂತೆ ಸ್ವಿಚ್ ಇಡಿ. ಆರು ಗಂಟೆಯ ಗಂಟೆ 5 ಗಂಟೆ 59 ನಿಮಿಷಕ್ಕೆ ಹೊಡೆಯದಂತೆ ಗಡಿಯಾರವೂ ಸರಿಯಿರಬೇಕು. ಕಾಂಪೌಂಡಿನಲ್ಲೇ ಶಾಲೆಯಿದ್ದರೆ ಪರೀಕ್ಷೆಯ ದಿನಗಳಲ್ಲಿ ಮಧ್ಯಾಹ್ನದ ಸಂಗೀತ ನಿಲ್ಲಿಸಿ. ಘೋಷಿತ ನಿಶ್ಶಬ್ದ ವಲಯವಾದರೆ ಸಂಗೀತ ನುಡಿಸುವುದೇ ದಂಡಾರ್ಹ.

ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ನಿಜವಾದ ಧಾರ್ಮಿಕ ವಿಧಿಯ ಸಂದರ್ಭದಲ್ಲಿ ನುಡಿಸುವುದಕ್ಕೆ ವಿನಾಯಿತಿ ಕೊಡುತ್ತದೆ. ದಿನನಿತ್ಯದ ಹಾರ್ನ್ ಸಂಗೀತವನ್ನು ಅದರೊಳಗೆ ಎಳೆಯುವುದಕ್ಕಿಂತ, ರಚಿಸಿದವರು ತೀರಿಕೊಂಡು 60 ವರ್ಷ ದಾಟಿದ ಹಳೆಯ ರಾಗವನ್ನು ನೀವೇ ಬರೆದು ನುಡಿಸುವುದು ನಿಶ್ಚಿಂತೆಯ ದಾರಿ.

ಹಾರ್ನ್, ವೈರ್, ಕರೆಂಟು

ನಾಲ್ಕು ಹಾರ್ನ್, ಹೆಚ್ಚೆಂದರೆ ತಲಾ 30 ವ್ಯಾಟ್ ಎಂದುಕೊಂಡರೆ 120. ಆಂಪ್ಲಿಫೈಯರ್ 160 ವ್ಯಾಟ್‌ನದಿರಲಿ. ಗೋಪುರಕ್ಕೆ 60 ಮೀಟರ್ ಓಡುವ ವೈರಿಗೆ ಆಂಪ್ಲಿಫೈಯರ್‌ನ 100 ವೋಲ್ಟ್ ಲೈನ್ ಔಟ್‌ಪುಟ್ ಬಳಸಿ. 1.5 ಚದರ ಮಿಲಿಮೀಟರ್ ತಾಮ್ರದ ವೈರಿನ ಹೋಗಿಬರುವ ತಡೆ ಸುಮಾರು ಒಂದೂವರೆ ಓಮ್. 100 ವೋಲ್ಟ್ ಲೈನಿನಲ್ಲಿ ನಷ್ಟ ನೂರಕ್ಕೆ ಎರಡರಷ್ಟೂ ಇಲ್ಲ. 8 ಓಮ್ ಔಟ್‌ಪುಟ್‌ನಿಂದ ಕೊಟ್ಟರೆ ಹಾರ್ನಿಗೆ ಸೇರಬೇಕಾದ ಶಕ್ತಿಯಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ. ಹಾರ್ನ್ ಬಾಯಿ 10ರಿಂದ 15 ಡಿಗ್ರಿ ಕೆಳಗೆ ಬಾಗಿರಲಿ, ಮಳೆನೀರು ನಿಲ್ಲಬಾರದು. ಬಾಯಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಕಟ್ಟಿ, ಇಲ್ಲವೆಂದರೆ ಕಣಜ ಗೂಡು ಮಾಡುತ್ತದೆ. ಗೋಪುರದಲ್ಲಿ ಹೆಜ್ಜೇನು ಕಟ್ಟಿದ್ದರೆ ಟೆಸ್ಟಿಂಗ್ ಮುಂದೂಡಿ, ಬಿಡಿಸುವವರನ್ನು ಮೊದಲು ಕರೆಸಿ. ಹಾರ್ನಿನ ಅದುರಿಗೆ ಜೇನು ಎದ್ದರೆ ಏಣಿಯ ಮೇಲಿರುವವರಿಗೆ ಇಳಿಯಲು ಸಮಯ ಸಿಗುವುದಿಲ್ಲ.

ಬೆಸ್ಕಾಂ ಕರೆಂಟು ಹೋಗಿ ಬಂದಾಗ ಅರ್ಧಕ್ಕೆ ನಿಂತ ಹಾಡು ಮತ್ತೆ ಶುರುವಾಗದಂತೆ ರೆಸ್ಯೂಮ್ ಆಯ್ಕೆ ಆಫ್ ಮಾಡಿ. ಇನ್ವರ್ಟರ್ ಸೈನ್ ವೇವ್‌ನದಾಗಿರಲಿ, ಸ್ಕ್ವೇರ್ ವೇವ್‌ನಿಂದ ಗುಂಯ್‌ಗುಟ್ಟುತ್ತದೆ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲು ಹಾರ್ನ್ ವೈರ್ ಹಿಡಿದು ಆಂಪ್ಲಿಫೈಯರ್‌ವರೆಗೆ ಇಳಿಯುತ್ತದೆ. ಮಿಂಚುವಾಹಕದ ಅರ್ತಿಂಗ್ 10 ಓಮ್ ಒಳಗಿರಬೇಕು, ಕರೆಂಟಿಗೂ ಹಾರ್ನ್ ಲೈನಿಗೂ ಸರ್ಜ್ ಪ್ರೊಟೆಕ್ಟರ್ ಬೇಕು.

ಹಚ್ಚಿ ನೋಡುವಾಗ

ವಾಲ್ಯೂಮ್ ಸೊನ್ನೆಯಿಂದ ಏರಿಸಿ. ಒಬ್ಬರು ಆಂಪ್ಲಿಫೈಯರ್ ಬಳಿ, ಇನ್ನೊಬ್ಬರು ಫೋನ್ ಹಿಡಿದು ಗಡಿಯಲ್ಲಿ, ಮೂರನೆಯವರು 200 ಮೀಟರ್ ದೂರದ ರಸ್ತೆಯಲ್ಲಿ ನಿಲ್ಲಲಿ. ಫೋನಿನ ಡೆಸಿಬೆಲ್ ಆ್ಯಪ್ ಅಂದಾಜಿಗೆ ಮಾತ್ರ. ಅನುಮತಿಯ ಲೆಕ್ಕಕ್ಕೆ ನಿಜವಾದ ಮೀಟರ್ ತನ್ನಿ. ಸದ್ದು ಸಣ್ಣದಾಗಿ ಬಂದರೆ ಟ್ಯಾಪ್ ಅಥವಾ ಮೊನೊ ಕಡೆ ನೋಡಿ. ಗುಂಯ್ ಅಂದರೆ ಗ್ರೌಂಡ್ ಲೂಪ್ (ಎರಡು ಕಡೆ ಗ್ರೌಂಡ್ ಸೇರಿ ಬರುವ ಸದ್ದು), ಆಡಿಯೊ ಟ್ರಾನ್ಸ್‌ಫಾರ್ಮರ್ ಹಾಕಿದ್ದೀರಾ? ಒಂದು ಹಾರ್ನ್ ಮಾತ್ರ ಕರಕರ ಅಂದರೆ ಅದರ ಡಯಾಫ್ರಾಮ್ ಹೋಗಿದೆ. ಎಲ್ಲವೂ ಕರಕರ ಅಂದರೆ ಇನ್‌ಪುಟ್ ಹೆಚ್ಚಾಗಿದೆ.

ಕೊನೆಯದಾಗಿ, ಸಕ್ರಿಸ್ತಿಯ ಗೋಡೆಗೆ ಒಂದು ದೊಡ್ಡ ಸ್ವಿಚ್ ಹಾಕಿಸಿ, ಸಂಗೀತ ಮಾತ್ರ ನಿಲ್ಲುವಂತೆ, ಗಂಟೆ ನಿಲ್ಲದಂತೆ. ಮಧ್ಯಾಹ್ನ ಹನ್ನೆರಡಕ್ಕೆ ಶವಸಂಸ್ಕಾರದ ಪೂಜೆ ನಡೆಯುತ್ತಿದ್ದರೆ ಕಂಟ್ರೋಲರ್‌ನ ಪಾಸ್‌ವರ್ಡ್ ಹುಡುಕುತ್ತಾ ನಿಲ್ಲುವಂತಾಗಬಾರದು. ಸ್ವಿಚ್ ಪಕ್ಕದಲ್ಲೇ ಲ್ಯಾಮಿನೇಟ್ ಮಾಡಿದ ಹಾಳೆ: ಯಾವ ಸಂಖ್ಯೆಗೆ ಯಾವ ರಾಗ, ಯಾವ ತಾರೀಖಿಂದ ಯಾವ ತಾರೀಖಿಗೆ, ಕಾರ್ಡ್ ಬದಲಿಸಿದ್ದು ಯಾವಾಗ, ಗಡಿಯಾರದ ಸಿಆರ್2032 ಸೆಲ್ ಹಾಕಿದ್ದು ಯಾವ ತಿಂಗಳು.